ಕೆರಿಬಿಯನ್ ಕಡಲಿನಲ್ಲಿ ರಜೆ: ಯಾವ ದ್ವೀಪ ಯಾರಿಗೆ?



ವೆಸ್ಟ್ ಇಂಡೀಸ್ ಎಂದೊಡನೆ ನಿಮಗೆ ನೆನಪಾಗುವುದು ಕ್ರಿಕೆಟ್. 1976ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಭಾರತ ನಾಲ್ಕನೆಯ ಇನಿಂಗ್ಸ್‌ನಲ್ಲಿ 406 ರನ್ ಗಳಿಸಿ ಗೆದ್ದಾಗ ನಮ್ಮ ಜಿ.ಆರ್. ವಿಶ್ವನಾಥ್ ಬಾರಿಸಿದ ಶತಕದ ಕಥೆಯನ್ನು ಮನೆಯ ಹಿರಿಯರಿಂದ ಕೇಳಿರುತ್ತೀರಿ. 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು ಅನಿಲ್ ಕುಂಬ್ಳೆ ಬೌಲ್ ಮಾಡಿದ್ದನ್ನೂ ಕೇಳಿರಬಹುದು. ಈ ಎರಡು ಊರುಗಳ ನಡುವೆ ಸುಮಾರು 700 ಕಿಲೋಮೀಟರ್ ಕಡಲಿದೆ. ಅವು ಬೇರೆ ಬೇರೆ ದೇಶಗಳಿಗೆ ಸೇರಿವೆ. ವೆಸ್ಟ್ ಇಂಡೀಸ್ ಎಂಬ ಒಂದು ತಂಡವುಂಟು, ಆ ಹೆಸರಿನ ದೇಶವಿಲ್ಲ.

ಪ್ರವಾಸ ಕಂಪನಿಗಳ ಕರಪತ್ರ ನೋಡಿದರೆ ಮಾತ್ರ ಅಲ್ಲಿರುವುದು ಒಂದೇ ದ್ವೀಪವೇನೋ ಅನ್ನಿಸುತ್ತದೆ. ಬಿಳಿ ಮರಳು, ವಾಲಿದ ತೆಂಗಿನಮರ, ನೀಲಿ ನೀರು. ಆ ಚಿತ್ರವನ್ನು ನಂಬಿ ಟಿಕೆಟ್ ಕೊಂಡವರು ಬೇರೆಯದೇ ದ್ವೀಪದಲ್ಲಿ ಇಳಿದು ಪೆಚ್ಚಾಗುವುದುಂಟು. ನೀವು ಎಂದಾದರೂ ಹೋಗುವಿರೋ ಇಲ್ಲವೋ, ಸದ್ಯ ಒಂದು ಅಟ್ಲಾಸ್ ತೆಗೆದುಕೊಂಡು ಕೂಡಿರಿ. ಹೋಟೆಲಿನ ದರ ವಿಚಾರಿಸುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯಿದೆ: ಆ ದ್ವೀಪ ಯಾವುದರಿಂದ ಆಗಿದೆ?

ಕೆರಿಬಿಯನ್ ಸಮುದ್ರದ ಪೂರ್ವದ ಅಂಚಿನಲ್ಲಿ ಬಿಲ್ಲಿನಂತೆ ಬಾಗಿದ ದ್ವೀಪಸಾಲು ಕಾಣುತ್ತದೆಯಲ್ಲವೇ? ಅಲ್ಲಿ ಅಟ್ಲಾಂಟಿಕ್ ಸಾಗರದ ತಳದ ಭೂಫಲಕ ಕೆರಿಬಿಯನ್ ಭೂಫಲಕದ ಅಡಿಗೆ ನುಸುಳುತ್ತಿದೆ. ಅದರೊಡನೆ ಆಳಕ್ಕೆ ಇಳಿದ ನೀರು ಅಲ್ಲಿನ ಬಿಸಿ ಬಂಡೆ ಕರಗಲು ಕಾರಣವಾಗುತ್ತದೆ. ಕರಗಿದ ಬಂಡೆ ಮೇಲೆದ್ದು ಜ್ವಾಲಾಮುಖಿಯಾಗುತ್ತದೆ. ಡೊಮಿನಿಕಾ, ಸೇಂಟ್ ಲೂಸಿಯಾ, ಸೇಂಟ್ ವಿನ್ಸೆಂಟ್ ಹುಟ್ಟಿದ್ದು ಹೀಗೆ. ಆಂಟಿಗಾದ ಬಹುಭಾಗ ಮತ್ತು ಬಾರ್ಬಡೋಸ್ ಹಾಗಲ್ಲ. ಅವು ತಗ್ಗಾದ, ಸುಣ್ಣಕಲ್ಲಿನ ನೆಲ.

ಬಿಳಿ ಮರಳೆಂದರೆ ಪುಡಿಯಾದ ಹವಳ ಮತ್ತು ಚಿಪ್ಪು. ತಗ್ಗಿನ ದ್ವೀಪದಲ್ಲಿ ಮೋಡವನ್ನು ತಡೆಯುವ ಬೆಟ್ಟವಿಲ್ಲ. ಆದ್ದರಿಂದ ಮಳೆ ಕಡಿಮೆ, ಹೇಳಿಕೊಳ್ಳುವಂಥ ನದಿಯಿಲ್ಲ, ಕಡಲಿಗೆ ಕೆಸರು ಬಂದು ಸೇರುವುದಿಲ್ಲ. ನೀರು ತಿಳಿಯಾಗಿರುವುದು ಈ ಕಾರಣದಿಂದ. ವರ್ಷದ ದಿನಕ್ಕೊಂದರಂತೆ ತಮ್ಮಲ್ಲಿ 365 ಕಡಲತೀರಗಳಿವೆ ಎಂದು ಆಂಟಿಗಾದವರು ಹೇಳಿಕೊಳ್ಳುತ್ತಾರೆ. ಆದರೆ ಅದೇ ಆಂಟಿಗಾದಲ್ಲಿ ಕುಡಿಯುವ ನೀರಿನ ಹೆಚ್ಚಿನ ಪಾಲನ್ನು ಸಮುದ್ರದ ನೀರಿನಿಂದ ಉಪ್ಪು ತೆಗೆದು ಪಡೆಯಬೇಕಾಗಿದೆ. ಪ್ರವಾಸಿಯನ್ನು ಕರೆತರುವ ಕಡಲತೀರ ಮತ್ತು ಊರಿನವರ ನೀರಿನ ಬವಣೆ, ಎರಡಕ್ಕೂ ಮೂಲ ಒಂದೇ. ಅಲ್ಲಿ ತೀರದಲ್ಲಿ ಮಲಗಿ ಪುಸ್ತಕ ಓದಬಯಸುವವರು ನಲ್ಲಿ ತಿರುಗಿಸುವಾಗ ಇದನ್ನು ನೆನೆಯಲಿ.

ಇನ್ನು ಡೊಮಿನಿಕಾ. ಮೊದಲಿಗೆ ಒಂದು ಎಚ್ಚರಿಕೆ: ಇದು ಡೊಮಿನಿಕನ್ ಗಣರಾಜ್ಯವಲ್ಲ. ಅದು ಸ್ಪ್ಯಾನಿಷ್ ಆಡುವ ಬೇರೆ ದೇಶ. ಡೊಮಿನಿಕಾದ ಶಿಖರಗಳಲ್ಲಿ ಅತಿ ಎತ್ತರದ್ದು 1,400 ಮೀಟರಿಗೂ ಮಿಗಿಲು. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತಗಳು ಅವಕ್ಕೆ ಬಡಿದು ಮೇಲೇರಿ ಮಳೆ ಸುರಿಸುತ್ತವೆ. ಆಗುಂಬೆಯ ಮಳೆಯ ಪಾಠ ಓದಿದವರಿಗೆ ಇದು ಹೊಸತಲ್ಲ. ದಟ್ಟ ಕಾಡು, ಜಲಪಾತ, ಕಪ್ಪು ಮರಳು ಇಲ್ಲಿನ ಸಂಪತ್ತು. ಸುಮಾರು 60 ಮೀಟರ್ ಅಗಲದ ‘ಕುದಿಯುವ ಕೆರೆ’ಯೊಂದಿದೆ. ಅದನ್ನು ನೋಡಲು ಕಾಡಿನಲ್ಲಿ ಹೋಗುವುದಕ್ಕೇ ಮೂರು ಗಂಟೆಯ ನಡಿಗೆ, ಮತ್ತೆ ಅಷ್ಟೇ ದೂರ ಹಿಂದಿರುಗಬೇಕು. ಕೊಲಂಬಸ್ ಬರುವುದಕ್ಕೂ ಮೊದಲಿನಿಂದ ಈ ದ್ವೀಪಗಳಲ್ಲಿದ್ದ ಕಲಿನಾಗೊ ಜನರ ಸಂತತಿ ಇಂದಿಗೂ ಇಲ್ಲಿನ ಪೂರ್ವ ತೀರದಲ್ಲಿ ತಮ್ಮದೇ ನೆಲದಲ್ಲಿ ಬಾಳುತ್ತಿದೆ. ಬಿಳಿ ಮರಳಿನ ಕನಸು ಹೊತ್ತವರು ಇಲ್ಲಿಗೆ ಬರಬಾರದು.

ಎರಡನೆಯ ಪ್ರಶ್ನೆ, ಯಾವ ತಿಂಗಳು? ಜೂನ್‌ನಿಂದ ನವೆಂಬರ್‌ವರೆಗೆ ಹರಿಕೇನ್ ಎಂಬ ಚಂಡಮಾರುತಗಳ ಕಾಲ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಅವುಗಳ ಹಾವಳಿ ಹೆಚ್ಚು. ಆಗ ಹೋಟೆಲುಗಳು ಅಗ್ಗವಾಗುವುದು ಸುಮ್ಮನೆ ಅಲ್ಲ. 2017ರ ಸೆಪ್ಟೆಂಬರಿನಲ್ಲಿ ‘ಮರಿಯಾ’ ಡೊಮಿನಿಕಾದ ಮೇಲೆರಗಿದಾಗ ಹೆಚ್ಚಿನ ಮನೆಗಳ ಮಾಡು ಹಾರಿಹೋಯಿತು, ಹಸಿರು ಬೆಟ್ಟಗಳು ಎಲೆಯಿಲ್ಲದೆ ಕಂದಾಗಿ ನಿಂತವು.

ಆ ತಿಂಗಳುಗಳಲ್ಲೇ ರಜೆ ಸಿಗುವುದಾದರೆ ಅಟ್ಲಾಸಿನಲ್ಲಿ ಕೆಳಗಿಳಿಯಿರಿ. ವೆನೆಜುವೆಲಾದ ತೀರದ ಬಳಿ ಅರುಬಾ, ಕುರಸಾವೊ, ಬೊನೇರ್ ಇವೆ. ಚಂಡಮಾರುತಗಳು ಸಾಮಾನ್ಯವಾಗಿ ಇವುಗಳ ಉತ್ತರಕ್ಕೆ ಹಾದುಹೋಗುತ್ತವೆ. ಮಳೆಯೂ ಅಷ್ಟಕ್ಕಷ್ಟೆ. ಇಲ್ಲಿ ಕಾಣುವುದು ಪಾಪಾಸುಕಳ್ಳಿ ಮತ್ತು ಗಾಳಿಗೆ ಬೆನ್ನು ಬಾಗಿಸಿದ ದಿವಿದಿವಿ ಮರ. ಬೊನೇರ್‌ನ ಸೊಗಸೆಲ್ಲ ನೀರಿನ ಅಡಿಯಲ್ಲಿದೆ. 1979ರಿಂದ ಅದರ ಸುತ್ತಲ ಕಡಲು ರಕ್ಷಿತ ಉದ್ಯಾನ. ಮುಳುಗುವ ತಾಣಗಳನ್ನು ತೋರಿಸಲು ರಸ್ತೆಯ ಬದಿಯಲ್ಲಿ ಹಳದಿ ಬಣ್ಣದ ಕಲ್ಲುಗಳನ್ನಿಟ್ಟಿದ್ದಾರೆ. ತೀರದಿಂದಲೇ ಈಜಿ ಹವಳದ ದಿಬ್ಬವನ್ನು ತಲುಪಬಹುದು. ಈಜು ಬಾರದವರಿಗೆ ಅಲ್ಲಿ ಬೇಸರವೇ.

ಟ್ರಿನಿಡಾಡ್ ಈ ಲೆಕ್ಕಕ್ಕೆ ಸಿಗುವುದಿಲ್ಲ. ದಕ್ಷಿಣ ಅಮೆರಿಕದ ಒರಿನೋಕೊ ನದಿಯ ಕೆಸರು ಅದರ ಸುತ್ತಲ ಕಡಲನ್ನು ಎಷ್ಟೋ ಕಡೆ ಮಬ್ಬಾಗಿಸುತ್ತದೆ. ಅಲ್ಲಿಗೆ ಹೋಗಬೇಕಾದದ್ದು ಜನರನ್ನು ಕಾಣಲು. 1845ರ ಮೇ 30ರಂದು ‘ಫತೇಲ್ ರಝಾಕ್’ ಎಂಬ ಹಡಗು ಭಾರತದ ಕೂಲಿಯಾಳುಗಳ ಮೊದಲ ತಂಡವನ್ನು ಅಲ್ಲಿ ಇಳಿಸಿತು. ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ತೋಟಗಳಿಗೆ ಆಳು ಬೇಕಾಗಿತ್ತು. 1917ರವರೆಗೆ ಹೀಗೆ ಕರಾರಿನ ಮೇಲೆ ಬಂದವರು 1,40,000ಕ್ಕೂ ಹೆಚ್ಚು. ಅವರ ವಂಶದವರು ಇಂದು ಅಲ್ಲಿನ ಜನಸಂಖ್ಯೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಾಗಿದ್ದಾರೆ. ದೀಪಾವಳಿ ಅಲ್ಲಿ ಸರ್ಕಾರಿ ರಜೆ. ಬೀದಿಯಲ್ಲಿ ಕರಿದ ರೊಟ್ಟಿಯ ನಡುವೆ ಕಡಲೆಯ ಪಲ್ಯವಿಟ್ಟು ‘ಡಬಲ್ಸ್’ ಎಂದು ಮಾರುತ್ತಾರೆ. ಆಫ್ರಿಕಾ ಮೂಲದವರು ಎಣ್ಣೆಯ ಪೀಪಾಯಿಯಿಂದ ರೂಪಿಸಿದ ಸ್ಟೀಲ್‌ಪ್ಯಾನ್ ವಾದ್ಯವನ್ನು ಕಾರ್ನಿವಲ್ ಕಾಲದಲ್ಲಿ ಕೇಳಬೇಕು. ಅದು ಫೆಬ್ರವರಿಯಲ್ಲಿ ಅಥವಾ ಮಾರ್ಚಿನಲ್ಲಿ ಬರುತ್ತದೆ. ಏಕಾಂತ ಬೇಕೆನ್ನುವವರು ಆ ವಾರ ಅತ್ತ ಸುಳಿಯದಿರುವುದು ಲೇಸು.

ಮಾಂಟ್ಸೆರಾಟ್ ಒಂದನ್ನು ಬಿಡಲು ಮನಸ್ಸಾಗುವುದಿಲ್ಲ. 1995ರ ಜುಲೈನಲ್ಲಿ ಅಲ್ಲಿನ ಸೂಫ್ರಿಯೇರ್ ಹಿಲ್ಸ್ ಜ್ವಾಲಾಮುಖಿ ಎಚ್ಚೆತ್ತಿತು. 1997ರ ಜೂನ್ 25ರ ಸ್ಫೋಟದಲ್ಲಿ 19 ಜನ ಸತ್ತರು. ರಾಜಧಾನಿ ಪ್ಲಿಮತ್ ಬೂದಿ ಮತ್ತು ಕೆಸರಿನಲ್ಲಿ ಹೂತುಹೋಯಿತು. ಜನರಲ್ಲಿ ಹೆಚ್ಚಿನವರು ದ್ವೀಪವನ್ನೇ ತೊರೆದರು. ಉಳಿದವರು ಉತ್ತರದ ತುದಿಯಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ದಕ್ಷಿಣ ಭಾಗಕ್ಕೆ ಪ್ರವೇಶ ನಿರ್ಬಂಧವಿದೆ. ಹೂತ ಊರನ್ನು ದೂರದ ದಿಬ್ಬದ ಮೇಲೆ ನಿಂತು ನೋಡಬಹುದು. ಅದನ್ನು ವಿಹಾರ ಎನ್ನಲು ನಾಲಗೆ ಹಿಂಜರಿಯುತ್ತದೆ. ಆದರೂ ಭೂಗೋಳದ ವಿದ್ಯಾರ್ಥಿಗೆ ಮಿಕ್ಕ ದ್ವೀಪಗಳಿಗಿಂತ ಹೆಚ್ಚು ಕಲಿಸುವುದು ಇದೇ ಇರಬೇಕು.

ಪ್ರಯಾಣದ ವಿಷಯದಲ್ಲಿ ಒಂದೆರಡು ಮಾತು. ಲಂಡನ್, ಆಮ್‌ಸ್ಟರ್‌ಡ್ಯಾಮ್ ಅಥವಾ ನ್ಯೂಯಾರ್ಕ್‌ನಂಥ ಊರಿನಲ್ಲಿ ವಿಮಾನ ಬದಲಿಸಬೇಕಾಗುತ್ತದೆ. ಅಮೆರಿಕದ ಮೂಲಕ ಹೋಗುವುದಾದರೆ ಬರೀ ವಿಮಾನ ಬದಲಿಸಲೂ ಆ ದೇಶದ ವೀಸಾ ಬೇಕು. ಅಷ್ಟು ದೂರ ಹೋದಮೇಲೆ ವಾರದಲ್ಲಿ ನಾಲ್ಕು ದ್ವೀಪ ಮುಗಿಸುವ ಆಸೆ ಹುಟ್ಟುತ್ತದೆ. ಹಾಗೆ ಮಾಡಿದವರು ಹೆಚ್ಚಾಗಿ ನೋಡಿ ಬರುವುದು ವಿಮಾನ ನಿಲ್ದಾಣಗಳನ್ನು.

ನನ್ನನ್ನು ಕೇಳಿದರೆ ಒಂದೇ ದ್ವೀಪ, ಡೊಮಿನಿಕಾ, ಮಳೆ ತುಸು ಬಿಡುವು ಕೊಡುವ ಮಾರ್ಚ್ ತಿಂಗಳಿನಲ್ಲಿ. ಛತ್ರಿ ಮಾತ್ರ ಜೊತೆಗಿರಲಿ.