ಪಿಯುಸಿ ಅಂಕ ಬೇಡ, ಸಿಇಟಿ ಸಾಕೇ? ಎಂಜಿನಿಯರಿಂಗ್ ಸೇರುವ ಮುನ್ನ ತಿಳಿಯಬೇಕಾದ ನಿಜ ಸಂಗತಿಗಳು

ಪರೀಕ್ಷೆಗಳು ಹತ್ತಿರವಾದಂತೆ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಎಂಜಿನಿಯರಿಂಗ್ ಕುರಿತ ಸಲಹೆಗಳೂ ಹರಿದು ಬರುತ್ತವೆ. ‘ಪಿಯುಸಿ ಪಾಸಾದರೆ ಸಾಕು’, ‘ಕನ್ನಡ ಮಾಧ್ಯಮದವರಿಗೆ ಆಗಲ್ಲ’, ‘ಆಪ್ಷನ್ ಎಂಟ್ರಿಯಲ್ಲಿ ದೊಡ್ಡ ಕಾಲೇಜು ಬರೆದರೆ ಸೀಟೇ ಹೋಗುತ್ತದೆ’. ಕಳಿಸಿದವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ನಂಬಿದ ವಿದ್ಯಾರ್ಥಿ ನಾಲ್ಕು ವರ್ಷ ಅದರ ಫಲ ಉಣ್ಣಬೇಕಾಗುತ್ತದೆ. ಹಾಗಾಗಿ ಇಂಥ ಮಾತುಗಳನ್ನು ಒಂದೊಂದಾಗಿ ನೋಡೋಣ.

ಹೇಳಿಕೆ 1: ಪಿಯುಸಿ ಅಂಕ ಲೆಕ್ಕಕ್ಕಿಲ್ಲ, ಸಿಇಟಿ ಮಾತ್ರ ಮುಖ್ಯ

ತಪ್ಪು. ಎಂಜಿನಿಯರಿಂಗ್ ರ‍್ಯಾಂಕ್‌ಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಎರಡನ್ನೂ ಅರ್ಧರ್ಧ ಪರಿಗಣಿಸುತ್ತದೆ. ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಕ್ಕೆ ಶೇ 50, ಸಿಇಟಿ ಅಂಕಕ್ಕೆ ಶೇ 50.

ಒಂದು ಉದಾಹರಣೆ ನೋಡಿ. ಒಬ್ಬಳಿಗೆ ಪಿಯುಸಿಯಲ್ಲಿ ಈ ಮೂರು ವಿಷಯಗಳಿಂದ ಶೇ 90 ಬಂದಿದೆ, ಸಿಇಟಿಯಲ್ಲಿ 180ಕ್ಕೆ 72, ಅಂದರೆ ಶೇ 40. ಎರಡರ ಸರಾಸರಿ 65. ಇನ್ನೊಬ್ಬನಿಗೆ ಪಿಯುಸಿಯಲ್ಲಿ ಶೇ 60, ಸಿಇಟಿಯಲ್ಲಿ 180ಕ್ಕೆ 117, ಅಂದರೆ ಶೇ 65. ಸರಾಸರಿ 62.5. ಸಿಇಟಿಯಲ್ಲಿ 45 ಅಂಕ ಹಿಂದಿದ್ದರೂ ರ‍್ಯಾಂಕ್‌ನಲ್ಲಿ ಮುಂದೆ ಬರುವವಳು ಮೊದಲನೆಯವಳೇ.

ಈ ಗೊಂದಲಕ್ಕೆ ಒಂದು ಹಿನ್ನೆಲೆಯೂ ಇದೆ. ಕೊರೊನಾ ಕಾರಣ 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಯಿತು. ಹಾಗಾಗಿ ಆ ವರ್ಷ ಸಿಇಟಿ ಅಂಕದ ಮೇಲೆ ಮಾತ್ರ ರ‍್ಯಾಂಕ್ ಕೊಟ್ಟರು. ಅದು ಆ ಸಂದರ್ಭಕ್ಕೆ ಮಾಡಿದ ವ್ಯವಸ್ಥೆ.

ಇದಲ್ಲದೆ ಸೀಟಿಗೆ ಅರ್ಹರಾಗಲು ನಿಗದಿತ ವಿಷಯಗಳಲ್ಲಿ ಒಟ್ಟು ಕನಿಷ್ಠ ಶೇ 45 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳಿಗೆ ಶೇ 40. ‘ಪಾಸಾದರೆ ಸಾಕು’ ಎಂಬ ಮಾತು ಇಲ್ಲಿಯೂ ನಿಲ್ಲುವುದಿಲ್ಲ.

ಹೇಳಿಕೆ 2: ಗೊತ್ತಿಲ್ಲದ ಪ್ರಶ್ನೆ ಬಿಟ್ಟುಬಿಡಿ, ಅಂಕ ಕಳೆಯುತ್ತಾರೆ

ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಜೆಇಇಯ ನಿಯಮವನ್ನು ಇದಕ್ಕೆ ಬೆರೆಸಿಕೊಂಡಿದ್ದಾರೆ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಪ್ರಶ್ನೆಯೊಂದಕ್ಕೆ 80 ಸೆಕೆಂಡ್. ಮೊದಲ ಸುತ್ತಿನಲ್ಲಿ ಖಚಿತವಾಗಿ ಗೊತ್ತಿರುವುದನ್ನು ಮುಗಿಸಿ, ಎರಡನೇ ಸುತ್ತಿನಲ್ಲಿ ಲೆಕ್ಕಗಳಿಗೆ ಕೂರಿ. ಕೊನೆಗೆ ಯಾವುದನ್ನೂ ಖಾಲಿ ಬಿಡಬೇಡಿ. ಈ ವೇಗ ಬರುವುದು ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿದಾಗ ಮಾತ್ರ.

ಹೇಳಿಕೆ 3: ಕನ್ನಡ ಮಾಧ್ಯಮದವರಿಗೆ, ಎಸ್ಸೆಸ್ಸೆಲ್ಸಿಯಲ್ಲಿ ಕಡಿಮೆ ಬಂದವರಿಗೆ ಇದು ಆಗದ ಮಾತು

ತರಗತಿ ನಡೆಯುವುದು ಇಂಗ್ಲಿಷ್‌ನಲ್ಲಿ, ಮೊದಲ ಸೆಮಿಸ್ಟರ್ ಕಷ್ಟವಾಗುತ್ತದೆ ಎಂಬುದು ನಿಜ. ಆದರೆ ವಿಷಯ ಬೇರೆಯದಲ್ಲ. ವೇಗೋತ್ಕರ್ಷ ಅರ್ಥವಾದವರಿಗೆ ಆಕ್ಸಿಲರೇಷನ್ ಹೊಸ ಪಾಠವಲ್ಲ, ಹೊಸ ಹೆಸರು ಅಷ್ಟೆ. ರಜೆಯಲ್ಲಿ ದಿನಕ್ಕೆ ಹತ್ತು ಪದಗಳಂತೆ ಎರಡೂ ಭಾಷೆಯಲ್ಲಿ ಪಟ್ಟಿ ಮಾಡಿಕೊಂಡರೆ ಎರಡು ತಿಂಗಳಿಗೆ ಆರುನೂರು ಪದ ಕೈಗೆ ಬರುತ್ತವೆ.

ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸರ್ಕಾರಿ ಕೋಟಾದಲ್ಲಿ ಶೇ 5, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15 ಮೀಸಲಾತಿಯೂ ಇದೆ. ಅರ್ಜಿ ಹಾಕುವಾಗಲೇ ಇದನ್ನು ಕೇಳಿಕೊಳ್ಳಬೇಕು. ಶಾಲೆಯ ವ್ಯಾಸಂಗ ಪ್ರಮಾಣಪತ್ರಗಳನ್ನು ಕೊನೆ ದಿನದವರೆಗೆ ಬಿಡದೆ ಮೊದಲೇ ಮಾಡಿಸಿಟ್ಟುಕೊಳ್ಳಿ.

ಪಿಯುಸಿ ಒಂದೇ ದಾರಿಯೂ ಅಲ್ಲ. ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಬಹುದು. ಸುತ್ತುದಾರಿ ಹಿಡಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರೂ ಒಬ್ಬರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಖರ್ಚು ನಿಭಾಯಿಸುತ್ತ 1881ರಲ್ಲಿ ಬಿ.ಎ. ಮುಗಿಸಿದರು. ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದ್ದು ಆಮೇಲೆ.

ಹೇಳಿಕೆ 4: ಆಪ್ಷನ್ ಎಂಟ್ರಿಯಲ್ಲಿ ಸಿಗುವ ಕಾಲೇಜನ್ನೇ ಮೊದಲು ಬರೆಯಿರಿ

ಇದರಿಂದ ಒಳ್ಳೆಯ ಸೀಟು ಕೈತಪ್ಪಬಹುದು. ನಿಮ್ಮ ರ‍್ಯಾಂಕ್‌ನ ಸರದಿ ಬಂದಾಗ ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬರುತ್ತದೆ. ಮೊದಲನೆಯದು ಸಿಗದಿದ್ದರೆ ಎರಡನೆಯದು, ಅದೂ ಸಿಗದಿದ್ದರೆ ಮೂರನೆಯದು. ಮೇಲೆ ಆಸೆಯ ಕಾಲೇಜು ಬರೆದಿದ್ದಕ್ಕೆ ಕೆಳಗಿನದು ತಪ್ಪುವುದಿಲ್ಲ. ಆದರೆ ಸುಲಭದ್ದನ್ನು ಮೇಲೆ ಬರೆದರೆ ಅದೇ ಸಿಕ್ಕಿಬಿಡುತ್ತದೆ, ಕೆಳಗಿರುವ ಉತ್ತಮ ಕಾಲೇಜನ್ನು ಅದು ನೋಡುವುದೇ ಇಲ್ಲ. ನಿಮಗೆ ನಿಜವಾಗಿ ಬೇಕಾದ ಕ್ರಮದಲ್ಲೇ ಬರೆಯಿರಿ.

ಹೇಳಿಕೆ 5: ಆಸಕ್ತಿ ಗೀಸಕ್ತಿ ಬೇಡ, ಸಂಬಳ ನೋಡಿ ಸೇರಿ

ಸಂಬಳಕ್ಕೆ ಆಸೆಪಡುವುದು ತಪ್ಪಲ್ಲ. ಸಾಲ ಮಾಡಿ ಓದಿಸುವ ಮನೆಯಲ್ಲಿ ಅದು ಸಹಜ. ಆದರೆ ಅದೊಂದೇ ಕಾರಣವಾದರೆ ಏನಾಗುತ್ತದೆ?

ಅಮೆರಿಕದಲ್ಲಿ 1973ರಲ್ಲಿ ಪ್ರಕಟವಾದ ಪ್ರಸಿದ್ಧ ಪ್ರಯೋಗವೊಂದಿದೆ. ಚಿತ್ರ ಬಿಡಿಸಲು ಇಷ್ಟಪಡುವ ಪುಟ್ಟ ಮಕ್ಕಳಲ್ಲಿ ಕೆಲವರಿಗೆ ‘ಬಿಡಿಸಿದರೆ ಬಹುಮಾನ’ ಎಂದು ಮೊದಲೇ ಹೇಳಿದರು. ಕೆಲ ದಿನಗಳ ನಂತರ ಬಹುಮಾನದ ಮಾತಿಲ್ಲದಾಗ, ಆ ಮಕ್ಕಳು ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರ ಬಿಡಿಸಿದರು. ಹೊರಗಿನ ಬಹುಮಾನವೇ ಕಾರಣವಾದಾಗ ಒಳಗಿನ ಇಷ್ಟ ಸೊರಗಬಹುದು ಎಂಬುದಕ್ಕೆ ಮನಃಶಾಸ್ತ್ರಜ್ಞರು ಈಗಲೂ ಇದನ್ನು ಉದಾಹರಿಸುತ್ತಾರೆ. ಎಂಜಿನಿಯರಿಂಗ್‌ನಲ್ಲಿ ಸಂಬಳದ ಬಹುಮಾನ ಸಿಗುವುದು ನಾಲ್ಕು ವರ್ಷದ ನಂತರ. ಅಲ್ಲಿಯವರೆಗೆ ರಾತ್ರಿ ಹತ್ತಕ್ಕೆ ಪುಸ್ತಕ ತೆರೆಸುವುದು ವಿಷಯದ ಮೇಲಿನ ಕುತೂಹಲವೇ.

ಆಸಕ್ತಿ ಇದೆಯೋ ಇಲ್ಲವೋ ತಿಳಿಯುವುದು ಹೇಗೆ?

ಸೀಟು ಹಿಡಿಯುವ ಮೊದಲೇ ಪರೀಕ್ಷಿಸಿ ನೋಡಬಹುದು. ಹೆಚ್ಚು ಖರ್ಚಿಲ್ಲ.

• ವಿಟಿಯು ವೆಬ್‌ಸೈಟ್‌ನಲ್ಲಿ ನೀವು ಬಯಸುವ ಶಾಖೆಯ ಪಠ್ಯಕ್ರಮ ತೆರೆದು, ಮೂರನೇ ಸೆಮಿಸ್ಟರ್‌ನ ವಿಷಯಗಳನ್ನು ಓದಿ. ಶಾಖೆಯ ನಿಜವಾದ ಮುಖ ಅಲ್ಲಿ ಕಾಣುತ್ತದೆ.

• ಐಐಟಿ ಮತ್ತು ಐಐಎಸ್‌ಸಿ ಪ್ರಾಧ್ಯಾಪಕರ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಮೂರು ಪಾಠ ಕೇಳಿ. ಅರ್ಥವಾಗದಿದ್ದರೆ ಚಿಂತೆಯಿಲ್ಲ, ನಾಲ್ಕನೆಯದು ಕೇಳಬೇಕು ಅನ್ನಿಸಿತೇ ಎಂದು ಗಮನಿಸಿ.

• ಕಂಪ್ಯೂಟರ್ ಸೈನ್ಸ್ ಬೇಕೆನ್ನುವವರು ಮೊಬೈಲ್‌ನಲ್ಲೇ ಎರಡು ವಾರ ಪೈಥಾನ್ ಬರೆದು ನೋಡಿ. ತಪ್ಪು ಹುಡುಕುವಾಗ ಹೊತ್ತು ಹೋಗಿದ್ದೇ ತಿಳಿಯದಿದ್ದರೆ ಅದು ಒಳ್ಳೆಯ ಸೂಚನೆ.

• ಅದೇ ಶಾಖೆಯಲ್ಲಿ ಓದುತ್ತಿರುವ ನಿಮ್ಮೂರಿನ ಅಕ್ಕನನ್ನೋ ಅಣ್ಣನನ್ನೋ ಕೇಳಿ. ‘ಹೇಗಿದೆ’ ಎಂದಲ್ಲ, ‘ಒಂದು ವಾರ ಏನೇನು ಮಾಡುತ್ತೀರಿ’ ಎಂದು.

• ಪಿಯುಸಿ ಮುಗಿಯಿತೆಂದು ಗಣಿತದ ಪುಸ್ತಕ ರದ್ದಿಗೆ ಹಾಕಬೇಡಿ. ಅವಕಲನ, ಅನುಕಲನ, ಮ್ಯಾಟ್ರಿಕ್ಸ್ ಮೊದಲ ವರ್ಷವೂ ಬೆನ್ನು ಬಿಡುವುದಿಲ್ಲ.

ಪೋಷಕರಿಗೆ ಒಂದು ಮಾತು. ‘ಎಷ್ಟನೇ ರ‍್ಯಾಂಕ್ ಬರುತ್ತೆ’ ಎಂದು ದಿನಾ ಕೇಳುವ ಬದಲು ಒಮ್ಮೆಯಾದರೂ ‘ಯಾವ ವಿಷಯ ಖುಷಿ ಕೊಡುತ್ತೆ’ ಎಂದು ಕೇಳಿ. ಉತ್ತರ ಎಂಜಿನಿಯರಿಂಗ್ ಅಲ್ಲದೆಯೂ ಇರಬಹುದು. ಅದು ಸೀಟು ಹಿಡಿಯುವ ಮೊದಲೇ ಗೊತ್ತಾದರೆ ಮಗುವಿನ ನಾಲ್ಕು ವರ್ಷವೂ ಉಳಿಯುತ್ತದೆ, ನಿಮ್ಮ ಹಣವೂ ಉಳಿಯುತ್ತದೆ.

ನಿಯಮ, ದಿನಾಂಕ, ಶುಲ್ಕದ ವಿಷಯ ಬಂದರೆ ಕೆಇಎ ವೆಬ್‌ಸೈಟ್‌ನ ಪ್ರಕಟಣೆಯೇ ಅಂತಿಮ. ಮುಂದಿನ ಬಾರಿ ಗ್ರೂಪ್‌ಗೆ ‘ಸಿಇಟಿ ಬ್ರೇಕಿಂಗ್ ನ್ಯೂಸ್’ ಬಂದರೆ ಮೊದಲು ಅಲ್ಲಿ ನೋಡಿ. ಅಲ್ಲಿ ಇದ್ದರೆ ಮಾತ್ರ ಫಾರ್ವರ್ಡ್ ಮಾಡಿ.