ಶಾಲೆಗೆ ಸೇರಿ ಮೂರು ವರ್ಷಕ್ಕೆ ಹುಟ್ಟಿದ ದೊಡ್ಡಮ್ಮ!

ಚಿತ್ರದುರ್ಗ: ಬೆಂಗಳೂರಿನಿಂದ ರಜೆಗೆ ಬಂದ ತಂಗಿಯ ಮಗಳಿಗೆ ಕೋಟೆ ತೋರಿಸಲು ಚಳ್ಳಕೆರೆಯ ದೊಡ್ಡಮ್ಮ ಮೊನ್ನೆ ಬೆಳಗಿನ ಬಸ್ಸಿಗೇ ದುರ್ಗಕ್ಕೆ ಬಂದಿಳಿದರು. ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಆರಿಸಿ ಬೆನ್ನು ಬಾಗಿದ ಜೀವ. ಆದರೂ ಮೆಟ್ಟಿಲು ಹತ್ತುವುದರಲ್ಲಿ ಕಾಲೇಜು ಹುಡುಗಿಯೇ ಹಿಂದೆ!

ಏಳು ಸುತ್ತಿನ ಕೋಟೆ, ಮದ್ದು ಬೀಸುವ ಕಲ್ಲು, ಅಕ್ಕ-ತಂಗಿ ಹೊಂಡ ಎಲ್ಲ ಆಯಿತು. ಓಬವ್ವನ ಕಿಂಡಿಯಲ್ಲಿ ಅರ್ಧ ಮೈ ತೂರಿಸಿ ಫೋಟೋನೂ ಆಯಿತು. 1972ರ 'ನಾಗರಹಾವು' ಚಿತ್ರದಲ್ಲಿ ಜಯಂತಿ ಒನಕೆ ಎತ್ತಿದ ಮೇಲೆ ಈ ಕಿಂಡಿ ನೋಡದೆ ದುರ್ಗ ಬಿಟ್ಟವರುಂಟೇ?

"ಓಬವ್ವ ಹುಟ್ಟಿದ್ದು ಯಾವತ್ತು ದೊಡ್ಡಮ್ಮ?"

"ಅವಳ್ದಿರ್ಲಿ, ನಂದೇ ನಂಗೆ ಗೊತ್ತಿಲ್ಲ ಕಣವ್ವ!"

ಹೈದರಾಲಿ ಕೋಟೆ ಹಿಡಿದದ್ದು 1779ರಲ್ಲಿ ಎಂದು ಇತಿಹಾಸದವರು ಬರೆದಿಟ್ಟಿದ್ದಾರೆ. ಕಾವಲುಗಾರನ ಹೆಂಡತಿ ಹುಟ್ಟಿದ ದಿನ ಬರೆಯಲು ಯಾರಿಗಿತ್ತು ಪುರುಸೊತ್ತು? ಕೊನೆಗೆ ಸರ್ಕಾರವೇ ನವೆಂಬರ್ 11 ಓಬವ್ವ ಜಯಂತಿ ಎಂದು 2021ರಲ್ಲಿ ಗೊತ್ತು ಮಾಡಿತು. ಸತ್ತ ವೀರಳಿಗೆ ಒಂದು ದಿನಾಂಕ ಸಿಕ್ಕಿತು, ಸಂತೋಷ. ಬದುಕಿರುವ ದೊಡ್ಡಮ್ಮನ ಗತಿ?

ಸಂಗತಿ ಇಷ್ಟು. ಆಧಾರ್ ಮಾಡಿಸುವಾಗ ಕಂಪ್ಯೂಟರ್ ಮುಂದೆ ಕೂತಿದ್ದವನು ಮುಖ ನೋಡಿ 1968 ಎಂದು ಒತ್ತಿಬಿಟ್ಟ. ಸಂಧ್ಯಾ ಸುರಕ್ಷಾ ಯೋಜನೆಯ 1,200 ರೂಪಾಯಿಗೆ 65 ತುಂಬಿರಬೇಕು. ಅರ್ಜಿ ಹಿಡಿದು ಹೋದರೆ, "ಇನ್ನೂ ವಯಸ್ಸಾಗಿಲ್ಲಮ್ಮ" ಎಂಬ ಉತ್ತರ! ಬಾಯಲ್ಲಿ ಹಲ್ಲಿಲ್ಲ, ಕಾರ್ಡಿನಲ್ಲಿ ಪ್ರಾಯ.

ಅದಕ್ಕೇ ಕೋಟೆ ಇಳಿದವರು ನೇರ ಹೋದದ್ದು ದೊಡ್ಡಮ್ಮ ನಾಲ್ಕನೇ ಕ್ಲಾಸಿನವರೆಗೆ ಓದಿದ ಸರ್ಕಾರಿ ಶಾಲೆಗೆ. ಹೆಂಚು ಹೋಗಿ ಆರ್‌ಸಿಸಿ ಬಂದಿದೆ. ಬೇವಿನ ಮರ ಹಾಗೇ ಇದೆ. "ನಾವು ಕೂರ್ತಿದ್ದುದು ನೆಲದ ಮೇಲೆ. ಸೆಗಣಿ ಸಾರಿಸೋ ಪಾಳಿ ಹೆಣ್ಮಕ್ಕಳದ್ದೇ" ಎಂದು ದೊಡ್ಡಮ್ಮ ಬೆಂಚು ಸವರಿ ನೋಡಿದರು.

ಹೆಡ್ ಮೇಡಂ ಒಳ್ಳೆಯವರು. ಬೀರು ತೆಗೆದು ಹಳೇ ದಾಖಲಾತಿ ರಿಜಿಸ್ಟರು ಹೊರಗೆಳೆದರು. ಅಂಚು ಗೆದ್ದಲಿಗೆ ಆಹಾರವಾಗಿತ್ತು, ಶಾಯಿ ಬಾಡಿತ್ತು. ಅರ್ಧ ಗಂಟೆ ಹುಡುಕಿದ ಮೇಲೆ ಹುಡುಗಿಯ ಬೆರಳೇ ಹೆಸರಿನ ಮೇಲೆ ನಿಂತಿತು. ಒಂದನೇ ತರಗತಿಗೆ ಸೇರಿದ್ದು 1965. ಅಂದರೆ ಆಧಾರ್ ನಂಬಿದರೆ ದೊಡ್ಡಮ್ಮ ಹುಟ್ಟುವುದಕ್ಕೆ ಮೂರು ವರ್ಷ ಮೊದಲೇ ಸ್ಲೇಟು ಹಿಡಿದಿದ್ದರು!

ಹುಟ್ಟಿದ ದಿನ: 1-6-1959. ಅದರ ಕೆಳಗಿನವನೂ ಜೂನ್ 1. ಅದರ ಕೆಳಗಿನವಳೂ ಜೂನ್ 1. ಮೇಷ್ಟ್ರು ಕೈ ಬೆರಳು, ಹಲ್ಲು ನೋಡಿ ಅಂದಾಜು ಹಾಕುತ್ತಿದ್ದ ಕಾಲ. ಜನನ ಮರಣ ನೋಂದಣಿಗೆ ಇಡೀ ದೇಶಕ್ಕೊಂದು ಕಾಯಿದೆ ಬಂದದ್ದೇ 1969ರಲ್ಲಿ. ಅದಕ್ಕೆ ಮುಂಚೆ ಹಳ್ಳಿ, ಕೇರಿಗಳಲ್ಲಿ ಹುಟ್ಟಿದ ಎಷ್ಟೋ ಜನಕ್ಕೆ ಮೇಷ್ಟ್ರ ಅಂದಾಜೇ ಜಾತಕ.

ಅಂದಾಜಾದರೇನು, ಬೆಲೆ ಇದೆ. ಅಪಘಾತ ಪರಿಹಾರದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2024ರ ಅಕ್ಟೋಬರಿನಲ್ಲಿ, ವಯಸ್ಸು ತೀರ್ಮಾನಿಸಲು ಆಧಾರ್ ಕಾರ್ಡಿನದ್ದಲ್ಲ, ಶಾಲೆ ಬಿಟ್ಟ ಪತ್ರದ ದಿನಾಂಕವನ್ನೇ ಹಿಡಿಯಿತು. ಆಧಾರ್‌ನಲ್ಲಿ ಹುಟ್ಟಿದ ದಿನ ತಿದ್ದಲು ಸಾಮಾನ್ಯವಾಗಿ ಸಿಗುವುದು ಒಂದೇ ಅವಕಾಶ. ಕೈಯಲ್ಲಿ ಕಾಗದ ಇಟ್ಟುಕೊಂಡೇ ಹೋಗುವುದು ಕ್ಷೇಮ. ಆ ಕಾಗದದ ಬೇರಿರುವುದು ಇಂಥ ಬೀರುಗಳಲ್ಲಿ. ಗೆದ್ದಲು ಮಾತ್ರ ಯಾವ ಕೋರ್ಟಿನ ಮಾತೂ ಕೇಳುವುದಿಲ್ಲ ಸ್ವಾಮಿ.

ಹುಡುಗಿ ಅಲ್ಲೇ ಕೂತು ಅರ್ಜಿ ಬರೆದಳು, ದೊಡ್ಡಮ್ಮ ರುಜು ಹಾಕಿದರು. ಸೋಮವಾರ ಬನ್ನಿ, ಸೀಲು ಹಾಕಿ ಕೊಡುತ್ತೇನೆ ಎಂದರು ಮೇಡಂ. ರಿಜಿಸ್ಟರು ಮುಚ್ಚುವಷ್ಟರಲ್ಲಿ ದೊಡ್ಡಮ್ಮ ಕೈ ಅಡ್ಡ ಇಟ್ಟರು. ಮೂರು ಸಾಲು ಕೆಳಗೆ ಜೊತೆಗಾತಿಯ ಹೆಸರು, ಈಗ ಹೊಳಲ್ಕೆರೆಯಲ್ಲಿ ಮಗನ ಮನೆ.

"ಅವಳ ಕಾರ್ಡೂ ನನ್ನಂಗೇ ಐತೆ ಮೇಡಂ. ಈ ಹಾಳೆದೂ ಒಂದು ಫೋಟೋ ಹೊಡ್ಕೊಳ್ಲಾ?"