ಕಾಲುವೆ ಸೀಳಿದ ಹೊಲಗಳು

ಲಕ್ಕವಳ್ಳಿಯ ಭದ್ರಾ ಅಣೆಕಟ್ಟನ್ನು ಬೆನ್ನಿಗೆ ಬಿಟ್ಟು ಮೂಡಣ ದಿಕ್ಕಿಗೆ ಹೊರಟರೆ ನೆಲದ ಬಣ್ಣ ಬೇಗ ಬದಲಾಗುತ್ತದೆ. ತರೀಕೆರೆಯ ಅಡಿಕೆ ತೋಟಗಳ ತಂಪು ಮುಗಿಯುತ್ತಿದ್ದಂತೆ ಅಜ್ಜಂಪುರದ ಈರುಳ್ಳಿ, ರಾಗಿ ಹೊಲಗಳು ಬರುತ್ತವೆ. ಕಡೂರಿನ ಕಡೆ ತಿರುಗಿದರೆ ಕೊಳವೆಬಾವಿ ನಂಬಿ ನಿಂತ ತೆಂಗಿನ ಸಾಲುಗಳು. ಒಂದೆಡೆ 186 ಅಡಿ ನೀರು ನಿಲ್ಲಿಸುವ ಜಲಾಶಯ, ಇನ್ನೊಂದೆಡೆ ಮಳೆಗಾಗಿ ಮುಗಿಲು ನೋಡುವ ಊರುಗಳು. ಇವೆರಡರ ನಡುವೆ ಈಗ ಭದ್ರಾ ಮೇಲ್ದಂಡೆ ಯೋಜನೆಯ ಕಾಲುವೆ ಹರಿದಿದೆ.

ಬೆಟ್ಟದತಾವರೆಕೆರೆಯ ಪಂಪ್‌ಹೌಸ್‌ನಿಂದ ಎತ್ತಿದ ನೀರು ಅಜ್ಜಂಪುರದ ಬಳಿ ಸುಮಾರು 7 ಕಿಲೋಮೀಟರ್ ಸುರಂಗದೊಳಗೆ ಸಾಗಿ ಬಯಲಿಗೆ ಬೀಳುತ್ತದೆ. ಯೋಜನೆಯ ಲೆಕ್ಕ 29.9 ಟಿಎಂಸಿ ಅಡಿ ನೀರು, 2,25,515 ಹೆಕ್ಟೇರ್ ಹನಿ ಮತ್ತು ತುಂತುರು ನೀರಾವರಿ. ಚಿತ್ರದುರ್ಗ, ತುಮಕೂರು, ದಾವಣಗೆರೆಯ ಬರದ ಊರುಗಳೂ ಈ ನೀರಿನ ದಾರಿ ಕಾಯುತ್ತಿವೆ. ದಾರಿ ಬಿಡಬೇಕಾದದ್ದು ಮಾತ್ರ ಇಲ್ಲಿನ ಹೊಲಗಳು.

ಅಬ್ಬಿನಹೊಳಲು ಗ್ರಾಮದ ಹೆಸರು ಚಿತ್ರದುರ್ಗದವರಿಗೂ ಬಾಯಿಪಾಠವಾದದ್ದು ಹೀಗೆ. ಪರಿಹಾರದ ಮೊತ್ತ ಸಾಲದೆಂದು ರೈತರು ಅಡ್ಡ ನಿಂತರು. ಎರಡು ಕಿಲೋಮೀಟರ್ ಕೂಡ ಇಲ್ಲದ ಕಾಲುವೆಯ ತುಂಡು ವರ್ಷಗಟ್ಟಲೆ ಹಾಗೇ ಉಳಿಯಿತು. ಕೆಳಗಿನ ಜಿಲ್ಲೆಯ ರೈತರು ಅದೇ ನೀರಿಗಾಗಿ ಧರಣಿ ಕೂತರು. ರೈತನ ಎದುರು ರೈತನನ್ನು ನಿಲ್ಲಿಸಿದ ಆ ವರ್ಷಗಳು ನನಗೆ ಇಂದಿಗೂ ನೋವು ತರುತ್ತವೆ. ಅಬ್ಬಿನಹೊಳಲಿನವರ ತಕರಾರು ನೀರಿನ ಮೇಲಲ್ಲ, ದರದ ಮೇಲೆ ಇತ್ತು.

ಆ ದರ ಹುಟ್ಟುವ ಬಗೆ ತಿಳಿದರೆ ತಕರಾರು ಅರ್ಥವಾಗುತ್ತದೆ. 2014ರ ಜನವರಿ 1ರಿಂದ ಜಾರಿಯಲ್ಲಿರುವ ಭೂಸ್ವಾಧೀನ ಕಾಯ್ದೆಯ ಪ್ರಕಾರ ಪ್ರಾಥಮಿಕ ಅಧಿಸೂಚನೆಯ ದಿನದ ಮಾರುಕಟ್ಟೆ ಬೆಲೆಯೇ ಆಧಾರ. ಮುದ್ರಾಂಕ ದರ, ಹಿಂದಿನ ಮೂರು ವರ್ಷಗಳ ನೋಂದಾಯಿತ ಕ್ರಯಪತ್ರಗಳ ಸರಾಸರಿ, ಇವುಗಳಲ್ಲಿ ಹೆಚ್ಚಿನದನ್ನು ಹಿಡಿಯಬೇಕು. ಹಳ್ಳಿಯಲ್ಲಿ ಕ್ರಯಪತ್ರಕ್ಕೆ ಬರೆಸುವ ಮೊತ್ತ ಕೈಯಿಂದ ಕೈಗೆ ದಾಟಿದ ಹಣಕ್ಕಿಂತ ಕಡಿಮೆ ಇರುವುದು ಎಲ್ಲರಿಗೂ ಗೊತ್ತು. ಬುಡವೇ ಸಣ್ಣದಾದ ಮೇಲೆ ಗ್ರಾಮೀಣ ಪ್ರದೇಶದ ಗುಣಕದಿಂದ ಗುಣಿಸಿ, ಅದರ ಮೇಲೆ ಶೇ 100ರಷ್ಟು ಸಾಂತ್ವನ ಹಣ ಕೊಟ್ಟರೂ ಪಕ್ಕದ ಊರಲ್ಲಿ ಅಷ್ಟೇ ಜಮೀನು ಕೊಳ್ಳಲು ಸಾಲದೇ ಹೋಗಬಹುದು.

ಪಹಣಿಯ ಕಥೆ ಬೇರೆ. ಅಜ್ಜನ ಹೆಸರಲ್ಲೇ ಉಳಿದ ಖಾತೆ, ಪೋಡಿಯಾಗದ ಸರ್ವೆ ನಂಬರ್, ಅಣ್ಣತಮ್ಮಂದಿರ ಬಾಯಿಮಾತಿನ ಭಾಗ. ಇಂಥ ಕಡೆ ಪರಿಹಾರದ ಹಣ ರೈತನ ಬದಲು ಠೇವಣಿಗೆ ಹೋಗಿ ಕೂರುತ್ತದೆ. ಬಗರ್‌ಹುಕುಂ ಸಾಗುವಳಿದಾರನ ಪಾಡು ಅದಕ್ಕಿಂತ ಕಷ್ಟ.

ಒಂದು ಮಾತು ಒತ್ತಿ ಹೇಳಬೇಕು. ಹಣ ಪಡೆಯುವಾಗ 'ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ' ಎಂದು ಬರೆಯದೆ ಸಹಿ ಹಾಕಿದವರಿಗೆ ಹೆಚ್ಚಿನ ಪರಿಹಾರ ಕೇಳುವ ಹಕ್ಕು ಉಳಿಯುವುದಿಲ್ಲ. ಪರಿಹಾರ ನಿಗದಿಯ ಆದೇಶ (ಅವಾರ್ಡ್) ಹೊರಬಿದ್ದಾಗ ಎದುರಿಗಿದ್ದವರಿಗೆ ಅರ್ಜಿ ಹಾಕಲು ಸಿಗುವುದು 6 ವಾರ. ಇದನ್ನು ಊರ ಕಟ್ಟೆಯ ಮೇಲೆ ಕೂಗಿ ಹೇಳುವ ವ್ಯವಸ್ಥೆ ಬೇಕು.

ಕಡೂರು, ಬೀರೂರು, ತರೀಕೆರೆ ಹಾದುಹೋಗುವ ತುಮಕೂರು–ಶಿವಮೊಗ್ಗ ಹೆದ್ದಾರಿಯ ಅಗಲೀಕರಣಕ್ಕೆ ಬೇರೆಯೇ ಕಾಯ್ದೆ, 1956ರದ್ದು. ಅಲ್ಲಿ ಮೊತ್ತ ಒಪ್ಪದವರು ಮೊದಲು ಮಧ್ಯಸ್ಥಗಾರರ ಮುಂದೆ ನಿಲ್ಲಬೇಕು. ರಸ್ತೆಬದಿಯಲ್ಲೂ ಹಿಂದಣ ಹೊಲದಲ್ಲೂ ಜಮೀನು ಇರುವ ಮನೆಗೆ ಎರಡು ಕಚೇರಿ, ಎರಡು ದಾರಿ.

ಇದೇ ತರೀಕೆರೆ ತಾಲ್ಲೂಕು ಬೇರೊಂದು ಬಗೆಯ ಪರಿಹಾರವನ್ನೂ ಕಂಡಿದೆ. ಭದ್ರಾ ಅಭಯಾರಣ್ಯದ ಒಳಗಿನ ಹಳ್ಳಿಗಳನ್ನು 2001–02ರ ಸುಮಾರಿಗೆ ಹೊರತಂದಾಗ ಅನೇಕ ಕುಟುಂಬಗಳಿಗೆ ಎಂ.ಸಿ. ಹಳ್ಳಿಯಲ್ಲಿ ನೀರಾವರಿ ಜಮೀನು, ಮನೆ ನಿವೇಶನ ಸಿಕ್ಕವು. ಕಾಡು ಬಿಟ್ಟ ಸಂಕಟ ಇದ್ದೇ ಇತ್ತು. ಆದರೆ ಜಮೀನು ಕೊಟ್ಟವನ ಕೈಗೆ ಮತ್ತೆ ಜಮೀನು ಬಂತು, ಮಕ್ಕಳಿಗೆ ಶಾಲೆ ಹತ್ತಿರವಾಯಿತು. ದೇಶದ ವನ್ಯಜೀವಿ ತಜ್ಞರು ಇದನ್ನು ಮಾದರಿಯೆಂದು ಕರೆದದ್ದು ಸುಮ್ಮನೆ ಅಲ್ಲ.

ಕಾಲುವೆಗೆ ಹೋಗುವುದು ಎರಡು ಗುಂಟೆಯೋ ಹತ್ತು ಗುಂಟೆಯೋ. ಆದರೆ ಅದು ಹೊಲದ ನಡುವೆ ಹೋಗುತ್ತದೆ. ಬೋರ್‌ವೆಲ್ ಈಚೆ ದಡದಲ್ಲಿ, ತೋಟ ಆಚೆ ದಡದಲ್ಲಿ. ಹೀಗೆ ತುಂಡಾದುದರ ನಷ್ಟಕ್ಕೂ ಪರಿಹಾರ ಕೊಡಬೇಕೆಂದು ಕಾಯ್ದೆಯೇ ಹೇಳಿದೆ. ಜಂಟಿ ಅಳತೆಯ ದಿನ ಸರಪಳಿ ಹಿಡಿದು ಬರುವವರು ಎರಡೂ ದಡ ತುಳಿದು ನೋಡಿ, ನೀರಿನ ಪೈಪೂ ಎತ್ತಿನ ಗಾಡಿಯೂ ಯಾವ ಸೇತುವೆಯ ಮೇಲೆ ದಾಟಬೇಕೆಂದು ಅದೇ ಹಾಳೆಯಲ್ಲಿ ಬರೆದುಕೊಳ್ಳಲಿ.